ಎರಡು ಬೆರಳಗಲದ ತೊಗಲು

ಕರೆಂಟ್ ಬಂತು.
ಬೆಟಗೇರಿಯ ಓಣಿಗೆ ಓಣೀನಽ ಖಟಪಟ ಎದ್ದಿತು;
ಇನ್ನ ಮಾತೆಲ್ಲ ಕೈಸನ್ನೀಲೆ.

ಬಂದವರು ನೋಡೂದು ಸೆರಗು, ದಡಿ,
ಇಲ್ಲಾಂದ್ರ ಓಡೂ ಲಾಳಿ.
ಕಂಡಕಿ ಸುತ್ತಿಕೋತ ನಾ ನೋಡೂದು
ಲಾಳಿ ನಿಂದರೂ ಜಾಗ:
ಪೆಟಗಿ ಮೂಲ್ಯಾಗ, ಎಣ್ಣಿ ಕುಡದು ಕರ್ರಗಾದ
ಎರಡು ಬೆರಳಗಲದ ತೊಗಲು.

ಬಫರ್ ಅಂತಾರ ಅದಕ್ಕ.
ನಮ್ಮತ್ತಿ ಬಪ್ಪರಾ ಅಂತಿದ್ದಳು,
ದೂರದ ಬೀಗರೊಬ್ಬರ ಹೆಸರಿನಂಗ.
ನಿಮಿಷಕ್ಕ ಐವತ್ತು ಗುದ್ದು, ಎದಿ ಮ್ಯಾಲೆ,
ಉಕ್ಕಿನ ಮೂತೀಲೆ.
ಸೀರಿ ಲೆಕ್ಕದಾಗ ನೂಲಿಗೆ ಹೆಸರೈತಿ, ಬಣ್ಣಕ್ಕ ಐತಿ,
ಜರಿಗಂತೂ ಐತೇ ಐತಿ.
ಇದು ‘ಇತರೆ’ ಅನ್ನೂದರೊಳಗ,
ಚಹಾದ ಖರ್ಚಿನ ಕೂಡ.

ಹುಲಿಗೆಪ್ಪ ದೊಡ್ಡಮನಿ ತರತಿದ್ದ,
ಶನಿವಾರ, ಸೈಕಲ್ ಹ್ಯಾಂಡಲಿಗೆ ಚೀಲ ಜೋತು ಬಿಟ್ಟು.
ಹೊಸ್ತಲದ ಆಚೆ ನಿಂತು ಒಂದೊಂದಽ ಮಣಿಸಿ ತೋರಸತಿದ್ದ:
“ಬಿರುಸಿದ್ದದ್ದು ತಡಿಯೂದಿಲ್ಲ ತಂಗಿ, ಸೀಳತೈತಿ.
ಭಾಳ ಮೆತ್ತಗಿದ್ದದ್ದು ಹರೀತೈತಿ.
ಆರು ತಿಂಗಳ ಎಣ್ಣ್ಯಾಗ ಮಲಗಿದ್ದಽ ಬೇಕು.”
ಅತ್ತಿ ರೊಕ್ಕ ಕಟ್ಟೀ ಮ್ಯಾಲೆ ಇಡತಿದ್ದಳು.
ತೊಗಲಿಗೆ ನೀರು ಚಿಮುಕಿಸಿ ಒಳಗ ಒಯ್ಯತಿದ್ದಳು.
ಆಮ್ಯಾಲೆ ಅದಽ ಮಗ್ಗದ ಸೀರಿ ಮಡೀಲೆ ಉಟ್ಟು
ದೇವರ ಜಗಲಿ ಮುಂದ.
ಎಳಿ ಎಳಿಯೂ ತೊಗಲಿಗೆ ಹಣಿ ಹಚ್ಚಿ ಬಂದದ್ದು.
ಲಾಳಿ ಹೇಳಲಿಲ್ಲ. ನಾನೂ.

ಒಂದ ಸಲ, ಪಂಚಮಿ ಮುಂದ, ಆರ್ಡರಿನ ಗಡಿಬಿಡಿ.
ಹಳೇದು ತೂತು ಬೀಳೂ ಹಂಗಾಗಿತ್ತು;
“ಇನ್ನೊಂದ ವಾರ ನಡೀತೈತಿ” ಅಂದರು ಮನ್ಯಾಗ.
ಗುರುವಾರ ಲಾಳಿ ಹಾರಿತು.
ನನ್ನ ಕಿವೀ ಬಾಜೂಕ ಬಿಸಿ ಗಾಳಿ,
ಗ್ವಾಡ್ಯಾಗ ಬಟ್ಟು ಹೋಗೂವಷ್ಟು ಕುಳಿ.
ಈಗ ಅದರ ಮ್ಯಾಲೆ ಬ್ಯಾಂಕಿನ ಕ್ಯಾಲೆಂಡರ್ ಐತಿ.
ಅತ್ತಿ ನನ್ನ ಕಿವಿ ಮುಟ್ಟಿ ಮುಟ್ಟಿ ನೋಡಿದಳು,
ಬೆಂಡೋಲೆ ಎಣಿಸಿದಂಗ.

ಶನಿವಾರ ಅಕೀನಽ ಬಾಗಲಕ್ಕ ಬಂದು
“ಒಳಗ ಬಾ, ನೀನಽ ಕೂಡಿಸು” ಅಂದಳು.
ಹುಲಿಗೆಪ್ಪ ಚಪ್ಪಲಿ ಬಿಟ್ಟ. ಮತ್ತ ಮೆಟ್ಟಿದ.
“ಇವತ್ತ ಬ್ಯಾಡವ್ವ, ಹೊತ್ತಾಗೇತಿ.”
ಹನ್ನೊಂದು ಸುದ್ದಾ ಹೊಡದಿರಲಿಲ್ಲ.

ಈಗ ನೈಲಾನು. ಅಂಗಡ್ಯಾಗ ಡಜನ್ ಲೆಕ್ಕ.
ಅವನ ಕೊನೇ ತೊಗಲು,
ನಡುವ ಬಟ್ಟಲಿನಂಗ ಕುಳಿ ಬಿದ್ದದ್ದು,
ಬಾಗಲ ಚೌಕಟ್ಟಿಗೆ ಮೊಳಿ ಹೊಡದೀನಿ,
ಅಂವ ನಿಂದರತಿದ್ದ ಕಡೆ, ಹೊಸ್ತಲಕ್ಕ ಗೇಣು ಮ್ಯಾಲೆ.
ಆಷಾಢದ ಗಾಳಿ ಬಾಗಲಾ ಎತ್ತಿ ಒಗೀತೈತಿ.
ಬಡಿಯೂದಿಲ್ಲ.
ಧಪ್ ಅಂತೈತಿ, ಅಷ್ಟಽ,
ಯಾರೋ ಚೀಲ ಕೆಳಗ ಇಟ್ಟಂಗ.