ಉಲಿಯದ ಮೊಳೆ

ಥೇಮ್ಸ್ ನದಿಯ ತೆಂಕಣ ದಂಡೆ, ಚರ್ಮ ಹದಮಾಡುವವರ ಓಣಿ.
ಅಚ್ಚಿನ ಕಸುಬು ಆ ದೇಶಕ್ಕೆ ಬಂದು
ಇನ್ನೂ ಹತ್ತು ಚಳಿಗಾಲ ಕಳೆದಿಲ್ಲ.
ಗೆಂಟ್ ಪಟ್ಟಣದ ಲೀವನ್, ಮೊಳೆ ಜೋಡಿಸುವವನು,
ತುಟಿಯಲ್ಲಿ ಸೀಸದ ಎರಡು 'ಇ' ಕಚ್ಚಿಕೊಂಡು
ತನಗೆ ಅರ್ಧವಷ್ಟೇ ತಿಳಿದ ಭಾಷೆಯನ್ನು
ತಲೆಕೆಳಗಾಗಿ ಓದುತ್ತಾನೆ.

ಸಾಲು ಗಿಡ್ಡವಾಯಿತೆ? ಪದದ ಬಾಲಕ್ಕೊಂದು 'ಇ'.
ಇನ್ನೂ ಗಿಡ್ಡವೆ? ಪಕ್ಕದ ಪದಕ್ಕೂ ಒಂದು.
ಕೂಲಿ ಪುಟದ ಲೆಕ್ಕ. ಕಾಗುಣಿತದ್ದಲ್ಲ.
ಒಂದೇ ಪುಟದಲ್ಲಿ ಒಂದೇ ನಾಯಿ
ಮೂರು ಬಗೆಯಲ್ಲಿ ಬೊಗಳಿದರೂ
ಕೊಂಡುಕೊಂಡವರು ಯಾರೂ ದೂರಲಿಲ್ಲ.

ದೆವ್ವಕ್ಕೆ ಅಲ್ಲಿಯವರು 'ಗೋಸ್ಟ್' ಅನ್ನುತ್ತಿದ್ದರು.
ಲೀವನ್ 'ಜಿ' ಇಟ್ಟ; ಕೈ ತಡೆಯದೆ ಪಕ್ಕಕ್ಕೊಂದು 'ಎಚ್' ಇಟ್ಟ.
ಅವನ ಕಡೆ ಹಾಗೆ. ಅವನೂರಿನ ಹೆಸರಲ್ಲೂ ಹಾಗೆ.
ಇದೇ ಮನೆ, ಇದೇ ಕೈ ಎಂದು ನಾನು ಆಣೆ ಹಾಕಲಾರೆ.
ಆದರೆ ಆ 'ಎಚ್' ಇವತ್ತಿಗೂ ದೆವ್ವದೊಳಗೆ ನಿಂತಿದೆ,
ಕರೆಯದೆ ಬಂದು ಉಣ್ಣದೆ ಕೂತ ನೆಂಟನಂತೆ.

ಅವರಲ್ಲೊಂದು ಹಳೆಯ ಅಕ್ಷರವಿತ್ತು,
ಹೆಸರೇ ಮುಳ್ಳು.
ನಾಲಿಗೆ ಹಲ್ಲಿಗೆ ತಾಗಿ ಗಾಳಿ ಸೀಳುವ ಸದ್ದು.
ಕಡಲಾಚೆಯಿಂದ ಬಂದ ಮರದ ಪೆಟ್ಟಿಗೆಯಲ್ಲಿ
ಅದಕ್ಕೆ ಮನೆ ಇರಲಿಲ್ಲ.
ಮುಳ್ಳನ್ನು ಮುಳ್ಳಿನಿಂದ ತೆಗೆಯಬೇಕಂತೆ;
ಇವನು 'ವೈ' ಇಂದ ತೆಗೆದ.

ಮಸಿಬಟ್ಟೆ ಒಗೆಯುವವಳು ವಿಧವೆ ಇಡನಿ.
ಮೊಮ್ಮಗಳು ಪರ್ನೆಲ್ ಕಿಟಕಿಯಲ್ಲಿ ಬಗ್ಗಿ
ದೋಣಿ ಎಣಿಸುತ್ತಾಳೆ.
ವಿಂಡೋ: ಕೊಳ್ಳೆ ಹೊಡೆಯಲು ಹಡಗೇರಿ ಬಂದವರು
ಬಿಟ್ಟುಹೋದ ಮಾತು. ಗಾಳಿಯ ಕಣ್ಣು.
(ನಮ್ಮ ಗವಾಕ್ಷ ಹಸುವಿನ ಕಣ್ಣು.
ಗೋಡೆಗೆ ಕಣ್ಣಿರಬೇಕೆಂದು ಇಬ್ಬರಿಗೂ ಯಾರು ಹೇಳಿಕೊಟ್ಟರೋ!)
ಅದೇ ಓಣಿಯ ಕೊನೆಯಲ್ಲಿ ಕುರಿಗೆ ಒಂದು ಹೆಸರು,
ಧಣಿಯ ತಟ್ಟೆ ತಲುಪುವಾಗ ಮತ್ತೊಂದು;
ನಡುವೆ ಬರೀ ಒಂದು ಕತ್ತಿ.

"ರಾತ್ರಿಯಾಯಿತು, ದೀಪ ಆರಿಸು" ಅಂದಳು ಇಡನಿ.
ಅವಳ ರಾತ್ರಿ, ನಿಖ್ತ್.
ಗಂಟಲ ತಳದಲ್ಲಿ ಒಣ ಎಲೆಯೊಂದು ಮುರಿದಂತೆ.
ಪರ್ನೆಲ್ ನಕ್ಕಳು. "ಕೆಮ್ಮಬೇಡ ಅಜ್ಜಿ,
ಈಗ ಯಾರು ಹಾಗಂತಾರೆ? ನೀಟ್ ಅನ್ನು, ನೀಟ್."
ಎಲೆ ಇಲ್ಲ, ಮುರಿತ ಇಲ್ಲ, ತೊಳೆದಿಟ್ಟ ಬಟ್ಟಲು.

ಲೀವನ್ನನ ಕೈ ನಿಂತಿತು.
ಅವನ ತಾಯಿಯೂ ಕದವಿಕ್ಕುತ್ತ ನಖ್ತ್ ಅನ್ನುತ್ತಿದ್ದಳು,
ಅದೇ ಗಂಟಲಿನಿಂದ.
ಏಳು ವರ್ಷವಾಗಿತ್ತು ಆ ಸದ್ದು ಕೇಳಿ.

ನಾವು ಹಾಗಲ್ಲ.
ಬಾೞ್ ಎಂದು ಮಡಿಚುತ್ತಿದ್ದ ನಾಲಿಗೆ ದಣಿದ ಮೇಲೆ
ಅಕ್ಷರವನ್ನೂ ಅದರ ಜೊತೆಗೇ ಹೂಳಿ
ಬಾಳು ಎಂದು ಬರೆದುಕೊಂಡು ಬಾಳಿದೆವು.
ಅಚ್ಚುಕಟ್ಟು ಜನ.
ಅವರು ಸತ್ತವರಿಗೂ ಪಂಕ್ತಿಯಲ್ಲಿ ಎಲೆ ಹಾಕುತ್ತಾರೆ,
ಬಡಿಸುವುದಿಲ್ಲ ಅಷ್ಟೆ.

"ಇನ್ನೊಂದು ಸಲ ಹೇಳು" ಅಂದ ಲೀವನ್.
ಪರದೇಶಿಯೂ ಅಣಕಿಸುತ್ತಾನೆಂದು ಇಡನಿಗೆ ರೇಗಿತು.
ಒದ್ದೆ ಬಟ್ಟೆಯನ್ನು ಅವನತ್ತ ಬೀಸಿ,
ಇದ್ದ ಉಸಿರನ್ನೆಲ್ಲ ಗಂಟಲಿಗೆ ತಂದು
ಅಂದಳು.

ಅವನು ಪೆಟ್ಟಿಗೆಯ ಎರಡು ಮನೆಗಳಿಗೆ ಕೈ ಹಾಕಿ
ಒಂದು 'ಜಿ', ಒಂದು 'ಎಚ್'
ರಾತ್ರಿಯ ನಟ್ಟನಡುವೆ ಒತ್ತಿ ನಿಲ್ಲಿಸಿದ.

ಬೆಳಿಗ್ಗೆ ಹಸಿ ಹಾಳೆಯ ಮೇಲೆ ಬೆರಳಿಟ್ಟು
ಅಕ್ಷರ ಕೂಡಿಸಿ ಓದುತ್ತಿದ್ದ ಪರ್ನೆಲ್ ಕೇಳಿದಳು,
"ಉಲಿಯದ ಎರಡನ್ನು ಯಾಕೆ ಇಟ್ಟೆ?"

ತುಟಿಯಿಂದ ಮೊಳೆ ತೆಗೆಯದೆಯೇ ಅಂದ:
"ಸಾಲು ಗಿಡ್ಡವಾಗಿತ್ತು."