ಗಾಳಕ್ಕೊಂದು ಗುಡಿಸು

ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಹೈನಾವೆಸಿಯ ಸರೋವರ
ಬಾಗಿಲು ಹಾಕಿಕೊಂಡು ಮಲಗಿದೆ.
ಶೆಡ್ಡಿನಲ್ಲಿ ಕಂಪ್ರೆಸರ್ ಒಂದೇ
ಕೆಮ್ಮಿ ಕೆಮ್ಮಿ ಎದ್ದು ಕೂತದ್ದು.
ಓನೆರ್ವಾ ಅದರ ಹೊಟ್ಟೆಯಡಿಯ ತಿರುಪು ಸಡಿಲಿಸಿ
ನಿನ್ನೆಯ ನೀರು ಬಸಿಯುತ್ತಾಳೆ:
ಎರಡು ಚಮಚ, ತುಕ್ಕುಗೆಂಪು.
"ಗಾಳಿಯೂ ಬೆವರುತ್ತೆ ಕಣೇ.
ಬಿಟ್ಟರೆ ನಾಳೆ ಮೀನಿನ ಮೈತುಂಬ ಗುಳ್ಳೆ."

ಆಲ್ಡರ್ ಮರದ ಮೀನುಗಳು, ಬೆರಳುದ್ದದವು,
ತಂತಿಗೆ ನೇತುಬಿದ್ದಿವೆ ನಲವತ್ತು.
ಕೆತ್ತಿದವನು ತೈಸ್ತೊ;
ಅವನ ಕಣ್ಣಿಗೆ ಕೆಂಪೂ ಒಂದೇ ಹಸಿರೂ ಒಂದೇ.
ಬಣ್ಣ ನಿನ್ನದು, ನಡಿಗೆ ನನ್ನದು ಎನ್ನುತ್ತ
ಒಂದೊಂದನ್ನೂ ಸೌನಾದ ತೊಟ್ಟಿಯಲ್ಲಿ ಎಳೆದು
ಸೊಂಟ ಬಳುಕುತ್ತದೋ ಎಂದು ನೋಡಿಯೇ ಕೊಟ್ಟಿದ್ದಾನೆ.

ಕಲಿಯಲು ಬಂದವಳು ಹಿಲ್ಲಾ, ಹದಿನಾಲ್ಕು ತುಂಬಿಲ್ಲ.
ಪೆನ್ನಿನ ಹಾಗೆ ಹಿಡಿ,
ಪೆನ್ನಿನ ಹಾಗೆ ಒತ್ತಬೇಡ.
ಬಣ್ಣ ಕೆನೆ ತೆಗೆದ ಹಾಲಿನ ಹದಕ್ಕಿರಲಿ,
ಬಟ್ಟಲ ಗೋಡೆಯಲ್ಲಿ ಇಳಿಯುವಾಗ ಹಿಂದೆ
ಬರೀ ನೆನಪಿನಷ್ಟು ಉಳಿಯಬೇಕು.
ಮೊದಲು ಗಾಳಿ, ಆಮೇಲೆ ಬಣ್ಣ.
ಮುಗಿಸುವಾಗ ಮೊದಲು ಬಣ್ಣ ನಿಲ್ಲಲಿ,
ಗಾಳಿ ಇನ್ನೊಂದು ಗಳಿಗೆ ಇರಲಿ.
ಕೈ ಮಾತ್ರ ಎರಡಕ್ಕೂ ಮುಂಚೆ ಹೊರಟು
ಎರಡೂ ನಿಂತ ಮೇಲೆ ನಿಲ್ಲಬೇಕು.

ಹೊಟ್ಟೆಗೆ ಬಿಳಿ. ಕೆಳಗಿನಿಂದ ನೋಡುವವನಿಗೆ
ಅದು ಆಕಾಶ.
ಬೆನ್ನಿಗೆ ಪಾಚಿ. ಮೇಲಿನಿಂದ ನೋಡುವವನಿಗೆ
ಅದು ತಳ.
ನಡುವೆ ಈರುಳ್ಳಿ ಚೀಲದ ಬಲೆ ಸುತ್ತಿ
ಬಟ್ಟೆಕ್ಲಿಪ್ಪು ಕಚ್ಚಿಸಿ ಊದಿದರೆ
ಹುರುಪೆ, ಹುರುಪೆ, ಹುರುಪೆ.
ಯಾವ ಬಲೆಗೂ ಸಿಗದ ಮೀನಿಗೆ
ಬಲೆಯೇ ಚರ್ಮ ಕೊಟ್ಟಿತು.
ಏಳು ಕಪ್ಪು ಪಟ್ಟೆ, ರೆಕ್ಕೆಯಂಚಿಗೆ ಕಿತ್ತಳೆ;
ಇನ್ನು ಇದು ಅಹ್ವೆನ್, ಆ ನೀರಿನ ಪರ್ಚ್.

ಮೂವತ್ತೊಂದನೆಯದಕ್ಕೆ
ಸೂಜಿಮೊನೆಯಲ್ಲಿ ಕಪ್ಪು ಹೆಪ್ಪುಗಟ್ಟಿತು.
ತೊಳೆಯಲೆಂದು ಹಿಂದಿನಿಂದ ಎಳೆದಳು ಹಿಲ್ಲಾ,
ಕಲಿಸಿದಂತೆಯೇ, ಮೆಲ್ಲಗೆ.
ಆದರೂ ಬಿತ್ತು.
ಸಿಮೆಂಟಿನ ಮೇಲೆ ಬಿದ್ದ ಸದ್ದು
ಸದ್ದೇ ಅಲ್ಲ.

ಓನೆರ್ವಾ ಕನ್ನಡಕ ಹಣೆಗೇರಿಸಿ
ಉಗುರ ಮೇಲೆ ಮೊನೆ ಉರುಳಿಸಿದಳು.
ಗೀಚಿತು.
ಕೂದಲೆಳೆಯಷ್ಟು ಬಾಗಿ ಕೊಕ್ಕೆಯಾಗಿದೆ:
ಗಾಳಿಯ ದಾರಿಯಲ್ಲೊಂದು ಗಾಳ.
(ಒಂದು ಗುಡಿಸು ಕೊಟ್ಟರೆ ಗಾಳವೇ ಗಾಳಿ;
ಕಸಿದರೆ ಇಗೋ ಹೀಗೆ.)
ಹೊಸ ಸೂಜಿ ಬೇಕೆಂದರೆ
ಅರವತ್ತು ಕಿಲೋಮೀಟರ್ ಹಿಮ.
ಸಾಣೆಕಲ್ಲಿಗೆ ತಿಕ್ಕಿದಳು, ತಿರುಗಿಸಿ ತಿರುಗಿಸಿ ತಿಕ್ಕಿದಳು.
ಹಳೇ ಪೇಪರಿನ ಮೇಲೆ ಊದಿದರೆ
ಗೆರೆ ಬರಲಿಲ್ಲ; ಸೀನಿದ ಹಾಗೆ
ಚುಕ್ಕೆ, ಚುಕ್ಕೆ, ಎರಚು.

ಹುಡುಗಿ ತುಟಿ ಕಚ್ಚಿ ನಿಂತಿದ್ದಳು.
ತೈಸ್ತೊ ಕಾಫಿ ಲೋಟ ಹಿಡಿದೇ ಬಗ್ಗಿದ:
"ಟ್ರೌಟ್ ಮೈ ಹೀಗೇ ಅಲ್ಲವೇನೇ?"
ಬಣ್ಣ ಕಾಣದವನಿಗೆ ಚುಕ್ಕೆ ಕಂಡಿತ್ತು.

ಅಂದು ಮೂವತ್ತು ಪರ್ಚ್, ಹತ್ತು ಟ್ರೌಟ್.
ಗಿರಾಕಿ ಫೋನಿನಲ್ಲಿ ಗೊಣಗಿದ, ಆಮೇಲೆ ಒಪ್ಪಿದ.
ಡೊಂಕು ಸೂಜಿಗೆ ಬೇರೆಯೇ ಡಬ್ಬಿ ಸಿಕ್ಕಿತು,
ಹೊಸದರ ಪಕ್ಕದಲ್ಲೇ.

ಜೂನ್‌ನಲ್ಲಿ ಹಿಲ್ಲಾ ಒಂದು ಟ್ರೌಟ್ ತಂದಳು ಅಳುಮುಖದಲ್ಲಿ:
ಬೆನ್ನು ಕಿತ್ತಿದೆ, ಒಂದು ಕಣ್ಣಿಲ್ಲ,
ಪಕ್ಕೆಯುದ್ದಕ್ಕೂ ಪೈಕ್ ಮೀನಿನ ಹಲ್ಲು
ಹದಿಮೂರು ಕಡೆ ಮರ ಮುಟ್ಟಿದೆ.
ಮತ್ತೆ ಬಣ್ಣ ಹಾಕಿಕೊಡು.

ಓನೆರ್ವಾ ಗಾಯದ ಮೇಲೆ ಹೆಬ್ಬೆರಳಾಡಿಸಿದಳು,
ಅಂಕಪಟ್ಟಿ ಓದುವವಳ ಹಾಗೆ.
"ನಂಬಿದೆ ಅದು," ಅಂದಳು,
"ಹಾಕುವುದಿಲ್ಲ ಹೋಗು."
ಮತ್ತೆ ಸೂಜಿ ಹೊರಗೆಳೆದು
ಬಟ್ಟೆಯಂಚಿನಲ್ಲಿ ಬುಡದಿಂದ ಮೊನೆಗೆ,
ಯಾವಾಗಲೂ ಮೊನೆಯ ಕಡೆಗೇ,
ಒರೆಸತೊಡಗಿದಳು.