ಪಾಡ್

ದಕ್ಕೆಯಲ್ಲಿ ನನ್ನ ಕೆಲಸ ತೂಕದ ಚೀಟಿ ಬರೆಯುವುದು.
ಬೆಳಗಿನ ಜಾವ ನಾಲ್ಕಕ್ಕೆ, ಒಂದೇ ಬಲ್ಬಿನ ಕೆಳಗೆ,
ಒದ್ದೆಯಾಗದ ಹಾಗೆ ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದೆಸಿ.
ಗದಗದಿಂದ ಬಂದವಳು. ಮೀನಿನ ಹೆಸರು ಮೂರು ಗೊತ್ತಿದ್ದವು,
ಅದರಲ್ಲಿ ಒಂದು ತಪ್ಪು.

ಮೊದಲ ದಿನ ಕಿವಿಗೆ ಬಿದ್ದ ಮೊದಲ ಮಾತು, ಪಾಡ್.
ವಾಮನ ಕಾಂಚನ್ ಬೋಟಿನ ತುದಿಯಲ್ಲಿ ನಿಂತು
ಐಸ್ ಪಾಡ್, ಬಲ್ಲ್ ಪಾಡ್, ಉಪ್ಪು ಪಾಡ್ ಎಂದು
ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು.
ಎಂಥ ಪಾಡಪ್ಪಾ ಇವರದು, ಅಂದುಕೊಂಡೆ,
ಐಸಿಗೂ ಒಂದು ಪಾಡು, ಉಪ್ಪಿಗೂ ಒಂದು ಪಾಡು!
ಸಂಜೆಗೆ ತಿಳಿಯಿತು:
ಹಾಕು ಅಂತ, ಅಷ್ಟೆ.

ಮೂರನೆಯ ವಾರ ಸೆವ್ರಿನ್ ಬಾಯಿ
ಬಂಗುಡೆಯ ಕಿವಿರು ಬಿಡಿಸಿ, ಮೂಗಿನ ತನಕ ತಂದು,
ನನ್ನ ಕಡೆ ತಿರುಗಿ ಅಂದಳು, ಪಾಡ್.
ಹಾಕಿದೆ.
ನಲವತ್ತು ಕಿಲೊ, ಅವಳ ಲೆಕ್ಕಕ್ಕೆ, ಗುಂಡು ಅಕ್ಷರದಲ್ಲಿ.
ಅವಳ ಕೊಂಕಣಿಯಲ್ಲಿ ಅದು ಕೆಟ್ಟದ್ದು, ಹಾಳು, ಬೇಡವೇ ಬೇಡ.
ಮಧ್ಯಾಹ್ನ ಬಂದು ಇನ್ನೆರಡು ಸಲ ಅಂದಳು,
ಒಮ್ಮೆ ಮೀನಿಗೆ, ಒಮ್ಮೆ ನನ್ನ ತಲೆಗೆ.
ಸಂಬಳದಲ್ಲಿ ಆರುನೂರು ಹೋಯಿತು.
ವಾಮನಣ್ಣ ಬೀಡಿ ಹಚ್ಚುತ್ತಾ, ಬುಡ್ಲೆ, ಅಂದರು.
ಆ ತುಳು ಮಾತ್ರ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಕುಞ್ಞಂಬು ಬೇಕಲದವನು, ಬಲೆ ಹೊಲಿಯುತ್ತಾನೆ.
ಅಳಿವೆಬಾಗಿಲಲ್ಲಿ ಗಾಳಿ ಕೆಟ್ಟು ಬೋಟು ಏಳದ ದಿನ
ಜತೆಯವರು ಅವನ ಬೆನ್ನಿಗೆ ಗುದ್ದಿ
ಪಾಡ್, ಪಾಡೆಡಾ, ಅನ್ನುತ್ತಾರೆ.
ಅವನು ಏನನ್ನೂ ಹಾಕುವುದಿಲ್ಲ.
ಕಣ್ಣು ಮುಚ್ಚಿ, ಸೂಜಿ ಕೆಳಗಿಡದೆ, ಹಾಡುತ್ತಾನೆ.
ಆಮೇಲೆ ಅಂಗೈಯಲ್ಲಿ ಹಗ್ಗ ಕೊರೆದ ಕಲೆ ತೋರಿಸಿ
ಇದೂ ಪಾಡೇ ಎನ್ನುತ್ತಾನೆ,
ಎರಡಕ್ಕೂ ಒಂದೇ ಕಾಗುಣಿತ, ಬೇಕಿದ್ದರೆ ಬರೆದು ನೋಡು.

ಬರೆದು ನೋಡಿದೆ, ಚೀಟಿಯ ಹಿಂಬದಿಗೆ.
ಇವೆಲ್ಲ ಒಂದೇ ಬಸಿರಿನವೋ, ಅಥವಾ
ಬಸ್ ಸ್ಟ್ಯಾಂಡಿನಲ್ಲಿ ಮುಖ ಹೋಲುವ ಅಪರಿಚಿತರೋ,
ನಾನು ಏನು ಹೇಳಲಿ.
ನಿನ್ನ ಪಾಡ್ ಸಂಸ್ಕೃತದಿಂದ ಬಿದ್ದದ್ದಿರಬೇಕು ಅಂತ
ಸೆವ್ರಿನ್ ಬಾಯಿಗೆ ಅವಳ ಕಾಲೇಜು ಓದುವ ಮಗ ಹೇಳಿದನಂತೆ.
ಅವಳು ನಂಬಲಿಲ್ಲ.
‘ಮೀನು ಕೆಡ್ಲಿಕ್ಕೆ ಸಂಸ್ಕೃತ ಬೇಕಾ ಮಾರಾಯ?’

ನನಗೆ ನೆನಪಾದದ್ದು ಗದಗದ ಶಾಲೆ, ಏಳನೆಯ ಇಯತ್ತೆ.
ಹಿಂದೆ ಹಾಡಿಗೂ ಪಾಡೆಂದೇ ಹೆಸರಿತ್ತಂತೆ.
ಪಾಲು ಹಾಲಾಯಿತು, ಪಾವು ಹಾವಾಯಿತು,
ಹಾಡು ಕೂಡ ಪಕಾರವನ್ನು ದಾರಿಯಲ್ಲೆಲ್ಲೋ ಇಳಿಸಿ
ಬರೀ ಉಸಿರಾಗಿ ಹೊರಟಿತು.
ಪಡುವ ಪಾಡು ಮಾತ್ರ ಹಾಗೇ ಉಳಿಯಿತು.
ತುಟಿ ಬಿಗಿಯದೆ
ಈಗಲೂ ಅದು ಬಾಯಿಂದ ಹೊರಡುವುದಿಲ್ಲ.

ಭಾನುವಾರ ಅವ್ವನ ಫೋನು.
‘ಹೆಂಗೈತವಾ ನಿನ್ ಪಾಡು?’
ಯಾವುದು, ಎಂದು ಕೇಳಬೇಕೆನಿಸಿತು.
ಕೇಳಲಿಲ್ಲ. ಐಸ್ ಕಡೆಯುವ ಯಂತ್ರ ನಿಂತಿತ್ತು.
ಫೋನನ್ನು ಬಲೆಯ ರಾಶಿಯತ್ತ ಹಿಡಿದೆ.
ಅವ್ವನಿಗೆ ಅವನ ಮಲಯಾಳದ ಒಂದಕ್ಷರವೂ ಬಾರದು.
ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡಳು.
‘ಯಾರವಾ ಅವ? ಪಾಪ,
ಉಂಡಾನೇನ್ ಕೇಳು.’